ತೊಳೆಯುವ ಕೋಣೆ ಎಲ್ಲಿದೆ?

ಕುರ್ಚಿ ವಾಲುತ್ತ ವಾಲುತ್ತ ಕಾಲು ತಲೆಗಿಂತ ಎತ್ತರಕ್ಕೆ ಬಂದರೂ ಉಗಿಯಕ್ಕನ ಕಣ್ಣು ಪಕ್ಕದ ಕುರ್ಚಿಯನ್ನು ಬಿಟ್ಟಿರಲಿಲ್ಲ. ಗಾಜಿನ ಅಡ್ಡಗೋಡೆಯಾಚೆ ಕೂತಿದ್ದ ಗಂಡಸು ಬಾಯೊರೆಸಿಕೊಂಡು ಎದ್ದು ಹೋಗಿದ್ದ. ಅವನ ಬಾಯಲ್ಲಿ ಅಷ್ಟು ಹೊತ್ತು ಗುಂಯ್‌ಗುಟ್ಟಿದ್ದ ಡ್ರಿಲ್ಲನ್ನು ಸಹಾಯಕಿ ಕೊಕ್ಕೆಯಿಂದ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಮೇಲಿನಿಂದ ಕೆಳಕ್ಕೆ ಒಮ್ಮೆ ಸವರಿ, ತುದಿಯ ಮುಳ್ಳನ್ನಷ್ಟೇ ಬದಲಿಸಿದಳು. ಆಮೇಲೆ ಅದನ್ನೇ ತಂದು ಇವಳ ತಲೆಯ ಪಕ್ಕದ ಕೊಕ್ಕೆಗೆ ತೂಗುಹಾಕಿದಳು.

ಉಗಿಯಕ್ಕ ಕೈ ಎತ್ತಿದಳು.

"ಕುರ್ಚಿ ಎತ್ತಿ. ನಾನು ಇಳೀಬೇಕು."

ಇಪ್ಪತ್ತೇಳು ವರ್ಷದಿಂದ ಅವಳು ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಕೆಲಸ ಮಾಡುತ್ತಿದ್ದಳು. ಆಪರೇಷನ್ನಿಗೆ ಬಳಸಿದ ಕತ್ತರಿ, ಚಿಮಟ, ಸುತ್ತಿಗೆ, ಎಲ್ಲವೂ ಅಲ್ಲಿಗೆ ಇಳಿದು ಬರುತ್ತಿದ್ದವು; ತೊಳೆದು, ಒಣಗಿಸಿ, ಪೊಟ್ಟಣ ಕಟ್ಟಿ, ಉಗಿಯ ಯಂತ್ರದಲ್ಲಿ ಬೇಯಿಸಿ ಮತ್ತೆ ಮೇಲಕ್ಕೆ ಕಳಿಸುವುದು ಅವಳ ಜವಾಬ್ದಾರಿ. ಹೆಸರು ಬಂದದ್ದು ಆ ಉಗಿಯಿಂದಲೇ ಎಂದು ಅವಳು ಹೇಳುತ್ತಿದ್ದಳು. ರಕ್ತ ಒಣಗಿದ ಚಾಕು ಕಳಿಸಿದರೆ ಎಂಥ ದೊಡ್ಡ ಸರ್ಜನ್ನನಿಗಾದರೂ ಮುಖ ಮುರಿಯುವಂತೆ ಉಗಿಯುತ್ತಾಳಲ್ಲ, ಅದರಿಂದ ಬಂದದ್ದು ಎಂದು ಆಸ್ಪತ್ರೆಯವರು ಹೇಳುತ್ತಿದ್ದರು. ಎರಡೂ ನಿಜವಿದ್ದಿರಬೇಕು.

ಆದರೆ ಊರಿನ ಕತ್ತರಿಗಳನ್ನೆಲ್ಲ ಕಾದವಳು ತನ್ನ ಬಾಯನ್ನು ಮಾತ್ರ ಕಾಯಲಿಲ್ಲ. ಸಕ್ಕರೆ ಕಾಯಿಲೆ ಬಂದ ಮೇಲೆ ವಸಡು ಸಡಿಲವಾಗಿ, ಮೇಲಿನ ಎರಡು ಹಲ್ಲು ತಾವಾಗಿಯೇ ಉದುರಿದವು, ಕೆಳಗಿನವು ನಾಲಿಗೆ ತಾಕಿದರೆ ಅಲುಗುತ್ತಿದ್ದವು. ಕೆಲಸದಲ್ಲಿ ಮುಖಕ್ಕೆ ಮಾಸ್ಕ್ ಇರುತ್ತಿದ್ದುದರಿಂದ ಬಹಳ ಕಾಲ ಯಾರಿಗೂ ಗೊತ್ತಾಗಲಿಲ್ಲ. ಮನೆಯಲ್ಲಿ ನಗು ಬಂದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಸ್ವಂತ ಆಸ್ಪತ್ರೆಯ ದಂತ ವಿಭಾಗದಲ್ಲಿ ಅವಳ ಸರದಿ ಬರಲು ಎರಡು ವರ್ಷ ಕಾಯಬೇಕಿತ್ತು. ಹೊರಗಿನ ಖಾಸಗಿ ಡಾಕ್ಟರುಗಳ ಹತ್ತಿರ ಹೋಗುವ ತಾಕತ್ತು ಇರಲಿಲ್ಲ. ಹಾಗಾಗಿ ಆ ಊರಿನ ಎಷ್ಟೋ ಜನ ಮಾಡುವುದನ್ನೇ ಅವಳೂ ಮಾಡಿದಳು. ಒಂಬತ್ತು ದಿನ ರಜೆ ಹಾಕಿ, ಗಡಿ ದಾಟಿ ಪಕ್ಕದ ದೇಶಕ್ಕೆ ಬಸ್ಸು ಹತ್ತಿದಳು. ಸಹೋದ್ಯೋಗಿಗಳಿಗೆ, ಬರುವಾಗ ಬಾಯ್ತುಂಬ ನಗುತ್ತ ಬರುತ್ತೇನೆ ಎಂದು ಹೇಳಿಯೂ ಬಂದಿದ್ದಳು.

ಕ್ಲಿನಿಕ್ಕನ್ನು ಗೊತ್ತುಮಾಡಿದ್ದು ನಾದಿನಿ. ಅವಳು ಬ್ಯೂಟಿ ಪಾರ್ಲರ್ ನಡೆಸುವವಳು. ಎರಡು ವರ್ಷದ ಹಿಂದೆ ಇಲ್ಲಿಯೇ ಮೇಲಿನ ಸಾಲಿಗೆ ಬೆಳ್ಳಗಿನ ಕ್ಯಾಪು ಹಾಕಿಸಿಕೊಂಡು, ಕನ್ನಡಿಯ ಮುಂದೆ ಕೂತ ಗಿರಾಕಿಗಳಿಗೆಲ್ಲ ಬಾಯಿ ತೆರೆದು ತೋರಿಸಿದ್ದಳು. ಅತ್ತಿಗೆಯ ಜೊತೆಗೆ ತಾನೇ ಹೊರಟು ಬಂದಿದ್ದಳು.

ಕುರ್ಚಿಯಿಂದ ಇಳಿದ ಉಗಿಯಕ್ಕ, ತೊಳೆಯುವ ಕೋಣೆ ಎಲ್ಲಿದೆ, ಒಮ್ಮೆ ನೋಡಬಹುದೇ ಎಂದು ಕೇಳಿದಳು. ಗಡಿಯಾಚೆಯಿಂದ ಬರುವವರನ್ನು ನೋಡಿಕೊಳ್ಳಲೆಂದೇ ಇಟ್ಟಿದ್ದ ಹುಡುಗಿ ನಗುಮುಖದಿಂದ ಓಡಿ ಬಂದು, ಅದು ಸಿಬ್ಬಂದಿಗೆ ಮಾತ್ರ ಮೇಡಂ ಎಂದಳು. ಗೋಡೆಯ ಮೇಲಿನ ಚೌಕಟ್ಟು ಹಾಕಿದ ಸರ್ಟಿಫಿಕೇಟನ್ನು ತೋರಿಸಿದಳು. ತನಗೆ ಹಲ್ಲು ಕೂರಿಸುವ ಡಾಕ್ಟರು ಯಾರು ಎಂದು ಉಗಿಯಕ್ಕ ಕೇಳಿದರೆ ಆ ದಿನ ಯಾರಿರುತ್ತಾರೋ ಅವರು. ಮೂಳೆಗೆ ಹಾಕುವ ಸ್ಕ್ರೂ ಯಾವ ಕಂಪನಿಯದು ಎಂದರೆ ಅತ್ಯುತ್ತಮ ಕಂಪನಿಯದು. ಎಂಟು ಹಲ್ಲು ಕಿತ್ತು, ಎಂಟು ಸ್ಕ್ರೂ ಹಾಕಿ, ಐದು ದಿನದಲ್ಲಿ ಹೊಸ ಹಲ್ಲಿನೊಂದಿಗೆ ಮನೆಗೆ ಕಳಿಸುತ್ತೇವೆ ಎಂದು ಹುಡುಗಿ ಪಾಠ ಒಪ್ಪಿಸಿದಳು.

"ನನಗೆ ಸಕ್ಕರೆ ಕಾಯಿಲೆ ಇದೆ. ಅದನ್ನ ಇಲ್ಲಿ ಯಾರೂ ಕೇಳಲೇ ಇಲ್ವಲ್ಲಮ್ಮ," ಎಂದಳು ಉಗಿಯಕ್ಕ. ಕುತ್ತಿಗೆಗೆ ಕಟ್ಟಿದ್ದ ಕಾಗದದ ಬಟ್ಟೆಯನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟು ಹೊರಗೆ ಬಂದಳು.

ನಾದಿನಿ ಬೀದಿಯುದ್ದಕ್ಕೂ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ವಸತಿಗೃಹದ ಕೋಣೆಗೆ ಬಂದು ಬಾಗಿಲು ಹಾಕಿದ ಮೇಲೆ ಅಣೆಕಟ್ಟು ಒಡೆಯಿತು. ಅಲ್ಲಿ ತನಗೆ ಎಷ್ಟು ಮರ್ಯಾದೆ ಇತ್ತು, ತಾನು ಮಾತು ಕೊಟ್ಟು ಬಂದಿದ್ದೆ, ಇನ್ನು ಅಣ್ಣನಿಗೆ ಏನೆಂದು ಹೇಳಲಿ ಎಂದು ಒಂದೇ ಉಸಿರಿಗೆ ಹರಿಹಾಯ್ದಳು.

"ಎಲ್ಲಾ ಕಡೆ ನಿಮ್ಮ ನೆಲಮಾಳಿಗೆ ಅಂದ್ಕೊಂಡ್ರೆ ಹೇಗತ್ತಿಗೆ? ನಮ್ಮ ಇಡೀ ಊರಿಗೆ ಊರೇ ಇಲ್ಲಿಗೆ ಬಂದು ಹಲ್ಲು ಕಟ್ಟಿಸ್ಕೊಂಡು ಹೋಗ್ತಿದೆ. ನಿಮ್ಮೊಬ್ಬರಿಗೇ ಏನಾಗ್ತಿತ್ತು?"

"ಆಗದೇ ಇರಬಹುದು. ಆದರೆ ನಾನು ನೋಡಿಬಿಟ್ಟೆ ಕಣೇ. ನೋಡಿದ ಮೇಲೆ ನೋಡಲಿಲ್ಲ ಅಂತ ಬಾಯಿ ತೆಗೆಯೋದು ನನ್ನಿಂದಾಗಲ್ಲ."

ಮಧ್ಯಾಹ್ನವೇ ಅವಳು ಒಬ್ಬಳೇ ಹೊರಟಳು. ಆ ಬೀದಿಯ ತುಂಬ ಹಲ್ಲಿನ ಕ್ಲಿನಿಕ್ಕುಗಳೇ. ಒಂದೊಂದರ ಬೋರ್ಡಿನಲ್ಲೂ ಕಿವಿಯಿಂದ ಕಿವಿಯವರೆಗೆ ನಗುವ ಮುಖ. ಒಂದರಲ್ಲಿ ಡಾಕ್ಟರು, ನೀವು ಹಲ್ಲು ಕಟ್ಟಿಸಲು ಬಂದಿದ್ದೀರೋ ತಪಾಸಣೆ ಮಾಡಲು ಬಂದಿದ್ದೀರೋ ಎಂದು ನಕ್ಕ. ಎರಡೂ ಹೌದು ಎಂದಳು. ಅವನು ಗಡಿಯಾರ ನೋಡಿದ. ಇನ್ನೊಂದರಲ್ಲಿ ನಾಳೆ ಬನ್ನಿ ಎಂದರು. ಮತ್ತೊಂದರಲ್ಲಿ ಬಹಳ ಸಂತೋಷದಿಂದ ಒಳಗೆ ಕರೆದುಕೊಂಡು ಹೋಗಿ, ಥಳಥಳಿಸುವ ಉಗಿಯ ಯಂತ್ರವನ್ನೇ ತೋರಿಸಿದರು. ಹೊರಗೆ ಹತ್ತು ಹನ್ನೆರಡು ಜನ ಸರದಿಗೆ ಕಾಯುತ್ತಿದ್ದರು, ಮೂರೂ ಕುರ್ಚಿಗಳು ತುಂಬಿದ್ದವು. ಉಗಿಯಕ್ಕ ಯಂತ್ರದ ಬಾಗಿಲಿಗೆ ಅಂಗೈ ಇಟ್ಟಳು. ತಣ್ಣಗಿತ್ತು. ಕೆಲಸದ ದಿನ, ಮಟಮಟ ಮಧ್ಯಾಹ್ನ, ಇಷ್ಟು ಜನರ ನಡುವೆ ಆ ಯಂತ್ರ ಮಣ್ಣಿನ ಮಡಕೆಯ ಹಾಗೆ ತಣ್ಣಗಿತ್ತು. ನಮಸ್ಕಾರ ಹೇಳಿ ಬಂದಳು.

ಸಂಜೆಯ ಹೊತ್ತಿಗೆ ಕಾಲು ಸೋತಿತ್ತು. ತಾನೇ ಅತಿ ಮಾಡುತ್ತಿದ್ದೇನೇನೋ ಎಂಬ ಅನುಮಾನವೂ ಸುಳಿಯಿತು. ಹಾಗೇ ಬರಿಗೈಯಲ್ಲಿ ಊರಿಗೆ ಮರಳಿದರೆ ಮತ್ತೆ ಎರಡು ವರ್ಷ ಮಾಸ್ಕಿನ ಹಿಂದೆ. ಆದರೂ ಆ ಒದ್ದೆ ಬಟ್ಟೆ ಕಣ್ಣಿಗೆ ಕಟ್ಟಿದ ಹಾಗಿತ್ತು.

ಮರುದಿನ ಬೆಳಗಿನ ತಿಂಡಿಗೆ ಕೂತಾಗ ನಾದಿನಿ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ಮೆತ್ತಗೆ ಮಾಡಿ, ಎಡಗಡೆಯಲ್ಲಷ್ಟೇ ಅಗಿಯುತ್ತಿದ್ದಳು. ಉಗಿಯಕ್ಕ ಅದನ್ನು ನೋಡಿದಳು.

"ಬಲಗಡೆ ಯಾವಾಗಿಂದ ನೋವು?"

ನಾದಿನಿ ಚಹಾದ ಲೋಟವನ್ನು ಸುತ್ತ ತಿರುಗಿಸಿದಳು.

"ಒಂದು ವರ್ಷ ಆಯ್ತು. ವಸಡು ಊದ್ಕೊಳ್ಳತ್ತೆ, ಕೀವು ಬರತ್ತೆ, ಮಾತ್ರೆ ತಗೊಂಡ್ರೆ ಇಳಿಯತ್ತೆ," ಎಂದಳು. ಲೋಟವನ್ನು ಪಕ್ಕಕ್ಕೆ ಸರಿಸಿ, "ಎಲ್ಲರಿಗೂ ಅಷ್ಟು ಕೊಚ್ಕೊಂಡಿದ್ದೆನಲ್ಲ ಅತ್ತಿಗೆ, ಯಾವ ಬಾಯಲ್ಲಿ ಹೇಳ್ಲಿ? ನಿನ್ನೆ ನೀವು ಎದ್ದು ಬಂದಾಗ ನಂಗೆ ಸಿಟ್ಟು ಬಂದಿದ್ದು ನಿಮ್ಮ ಮೇಲಲ್ಲ," ಎಂದಳು.

ಉಗಿಯಕ್ಕ ಉಗಿಯಲಿಲ್ಲ. ತನ್ನ ತಟ್ಟೆಯಲ್ಲಿದ್ದ ಬ್ರೆಡ್ಡಿನ ಮೆತ್ತನೆಯ ಒಳಭಾಗವನ್ನು ಬಿಡಿಸಿ ಅವಳ ತಟ್ಟೆಗೆ ಹಾಕಿದಳು. "ಬೇಗ ತಿನ್ನು. ಇವತ್ತು ಇಬ್ಬರೂ ಹೋಗೋಣ," ಎಂದಳು.

ಈ ಸಲ ಅವಳು ಕ್ಲಿನಿಕ್ಕಿನ ಬೀದಿಗೆ ಹೋಗಲಿಲ್ಲ. ಮಾರುಕಟ್ಟೆಯ ಪಕ್ಕದ ಔಷಧಿ ಅಂಗಡಿಗೆ ಹೋಗಿ, ಗಲ್ಲಾದ ಹಿಂದೆ ಕೂತಿದ್ದ, ಇವರ ಭಾಷೆ ಅಷ್ಟಿಷ್ಟು ಬಲ್ಲ ಹೆಂಗಸನ್ನು ಒಂದೇ ಒಂದು ಪ್ರಶ್ನೆ ಕೇಳಿದಳು: ನಿಮಗೆ ಹಲ್ಲುನೋವು ಬಂದರೆ ನೀವು ಯಾರ ಹತ್ತಿರ ಹೋಗುತ್ತೀರಿ? ಆ ಹೆಂಗಸು ಇಬ್ಬರನ್ನೂ ಒಮ್ಮೆ ನೋಡಿ, ಚೀಟಿಯ ಹಿಂದೆ ದಾರಿಯ ಗೆರೆ ಎಳೆದು ಕೊಟ್ಟಳು.

ಅದು ಪಾತ್ರೆ ಅಂಗಡಿಯ ಮೇಲಿನ ಮಹಡಿ. ಮೆಟ್ಟಿಲಿನ ಅಂಚು ಸವೆದಿತ್ತು, ಬೆಂಚಿನ ಬಣ್ಣ ಹೋಗಿತ್ತು. ಬೆಂಚಿನ ಮೇಲೆ ಗಡಿಯಾಚೆಯವರು ಯಾರೂ ಇರಲಿಲ್ಲ. ಅಲ್ಲಿಯದೇ ಜನ, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಂದಿರು. ನಾದಿನಿಯ ಮುಖ ಚಿಕ್ಕದಾಯಿತು. ದಪ್ಪ ಕನ್ನಡಕದ ಡಾಕ್ಟರಮ್ಮ ಹಿಂದೆ ಇವರ ದೇಶದಲ್ಲೇ ಓದಿದವಳಂತೆ. ತಡವರಿಸುತ್ತಾದರೂ ಇವರ ಭಾಷೆ ಆಡುತ್ತಿದ್ದಳು. ತೊಳೆಯುವ ಕೋಣೆ ನೋಡಬೇಕು ಎಂದಾಗ, ನೋಡಿ ಎಂದು ಬೆರಳು ತೋರಿಸಿ ತನ್ನ ಕೆಲಸಕ್ಕೆ ತಿರುಗಿದಳು.

ಆ ಕೋಣೆಯಲ್ಲಿ ತಲೆ ಪೂರ್ತಿ ನೆರೆತ ಒಬ್ಬ ಮನುಷ್ಯ ದಪ್ಪ ಕೈಗವಸು ಹಾಕಿಕೊಂಡು ನಿಂತಿದ್ದ. ಅವನ ಭಾಷೆ ಇವಳಿಗೆ ಬಾರದು, ಇವಳದು ಅವನಿಗೆ ಬಾರದು. ಉಗಿಯಕ್ಕ ತನ್ನ ಎದೆಯನ್ನು ಮುಟ್ಟಿ, ಯಂತ್ರವನ್ನು ಮುಟ್ಟುವವಳಂತೆ ಕೈ ಚಾಚಿ, ಎರಡು ಕೈಯ ಬೆರಳು, ಮತ್ತೆ ಎರಡು ಕೈಯ ಬೆರಳು, ಆಮೇಲೆ ಏಳು ಬೆರಳು ತೋರಿಸಿದಳು. ಯಂತ್ರದ ಬಾಗಿಲಿಗೆ ಅಂಗೈ ಇಡಲು ಹೋದಾಗ ಅವನು ತಟ್ಟನೆ ಅವಳ ಕೈ ಹಿಡಿದು ಹಿಂದಕ್ಕೆ ಎಳೆದ, ಬಾಗಿಲು ಸುಡುತ್ತಿತ್ತು. ಆಮೇಲೆ ನಕ್ಕು, ತನ್ನ ಕಡೆಯಿಂದ ಮೂವತ್ತೊಂದು ಎಣಿಸಿ ತೋರಿಸಿದ.

ಒಂದು ಕಡೆ ಕೊಳೆ ಸಾಮಾನು, ಇನ್ನೊಂದು ಕಡೆ ಶುದ್ಧ ಸಾಮಾನು, ನಡುವೆ ದಾಟದ ಹಾಗೆ ಅಡ್ಡ ಹಲಗೆ. ಡ್ರಿಲ್ಲುಗಳೂ ಪೊಟ್ಟಣದಲ್ಲಿದ್ದವು, ಒಂದೊಂದಕ್ಕೂ ತಾರೀಕು. ಅವನು ದಪ್ಪ ಪುಸ್ತಕ ತೆರೆದ. ದಿನ, ಹೊತ್ತು, ಶಾಖ, ಸಹಿ. ವಾರಕ್ಕೊಮ್ಮೆ ಯಂತ್ರದೊಳಗೆ ಜೀವಾಣು ಇಟ್ಟು, ಅವು ಸತ್ತವೋ ಇಲ್ಲವೋ ಎಂದು ನೋಡುವ ಪರೀಕ್ಷೆಯ ಫಲಿತಾಂಶವನ್ನೂ ಅಂಟಿಸಿದ್ದ. ಹಾಳೆ ತಿರುಗಿಸುತ್ತಿದ್ದ ಉಗಿಯಕ್ಕ ಒಂದು ಕಡೆ ನಿಂತಳು. ಅಲ್ಲಿ ಕೆಂಪು ಗೆರೆ ಇತ್ತು. ಆ ವಾರ ಜೀವಾಣು ಸತ್ತಿರಲಿಲ್ಲ. ಅವನು ತಲೆ ತಗ್ಗಿಸಿ, ಕೈಯಾಡಿಸಿ ವಿವರಿಸಿದ: ಎರಡು ದಿನ ಬಾಗಿಲು ಹಾಕಿದ್ದು, ಯಂತ್ರ ಬಿಚ್ಚಿದ್ದು, ಎಲ್ಲವನ್ನೂ ಮತ್ತೆ ಬೇಯಿಸಿದ್ದು.

ಅವಳ ಸ್ವಂತ ಪುಸ್ತಕಗಳಲ್ಲೂ ಇಪ್ಪತ್ತೇಳು ವರ್ಷಕ್ಕೆ ಅಂಥ ನಾಲ್ಕು ಗೆರೆಗಳಿದ್ದವು. ಅವಳು ಪುಸ್ತಕ ಮುಚ್ಚಿ ಆ ಮನುಷ್ಯನಿಗೆ ಕೈ ಮುಗಿದಳು.

ಡಾಕ್ಟರಮ್ಮ ಬಾಯಿ ನೋಡುವ ಮೊದಲೇ ಸಕ್ಕರೆಯ ಬಗ್ಗೆ ಕೇಳಿ, ಬೆರಳು ಚುಚ್ಚಿ ನೋಡಿದಳು. ಬಹಳ ಜಾಸ್ತಿ ಇತ್ತು. ಇಡೀ ಆಸ್ಪತ್ರೆಯನ್ನು ಹೆದರಿಸುವ ಉಗಿಯಕ್ಕ, ಪ್ರಯಾಣದ ಗಡಿಬಿಡಿಯಲ್ಲಿ ಮಾತ್ರೆ ತಪ್ಪಿಸಿದ್ದೆ ಎಂದು ಶಾಲೆಯ ಹುಡುಗಿಯ ಹಾಗೆ ಒಪ್ಪಿಕೊಂಡಳು. ಎಕ್ಸ್‌ರೇ ತೆಗೆದ ಮೇಲೆ ಡಾಕ್ಟರಮ್ಮ ಕುರ್ಚಿಯನ್ನು ಎದುರಿಗೆ ಎಳೆದುಕೊಂಡು ಕೂತಳು.

"ಅವರು ಹೇಳಿದ ಹಾಗೆ ಎಂಟು ಕೀಳಬೇಕಿಲ್ಲ. ಮೂರು ಉಳಿಸಬಹುದು. ಆದರೆ ಇವತ್ತು ಏನೂ ಮಾಡಲ್ಲ. ನಾಲ್ಕು ದಿನ ಮಾತ್ರೆ, ಊಟ ಸರಿಯಾಗಿರಲಿ. ಸಕ್ಕರೆ ಇಳಿದರೆ ತೀರಾ ಕೆಟ್ಟಿರೋ ಎರಡು ತೆಗೀತೀನಿ. ಸ್ಕ್ರೂ ಹಲ್ಲು ಈ ಸಲ ಇಲ್ಲ."

"ಮತ್ತೆ ಯಾವಾಗ?"

"ಐದಾರು ತಿಂಗಳಾಗಲಿ, ವಸಡು ಗಟ್ಟಿಯಾಗಲಿ. ಅಲ್ಲೀವರೆಗೆ ತೆಗೆದು ಹಾಕೋ ಹಲ್ಲು ಸಾಕು. ಇನ್ನೊಂದು ಮಾತು. ನಿಮ್ಮೂರಲ್ಲಿ ನಿಮ್ಮನ್ನ ನೋಡೋ ಒಬ್ಬ ಡಾಕ್ಟರನ್ನ ಮೊದಲು ಗೊತ್ತು ಮಾಡಿಕೊಳ್ಳಿ. ಊರಿಗೆ ಹೋದ ಮೇಲೆ ಊದಿಕೊಂಡರೆ ನಾನು ಇಲ್ಲಿಂದ ಓಡಿ ಬರೋಕಾಗಲ್ಲ. ಅವರಿಗೆ ಎಲ್ಲಾ ಬರೆದು ಕೊಡ್ತೀನಿ."

ಉಗಿಯಕ್ಕ ಎಕ್ಸ್‌ರೇಯನ್ನೇ ನೋಡುತ್ತ ಕೂತಳು. ಬಾಯ್ತುಂಬ ನಗುತ್ತ ಬರುತ್ತೇನೆ ಎಂದು ಹೇಳಿ ಬಂದವಳು ಇನ್ನೆರಡು ಹಲ್ಲು ಕಳೆದುಕೊಂಡು ಮನೆಗೆ ಹೋಗಬೇಕು. ಅರ್ಧ ಮೈಲಿ ಆಚೆ ಐದು ದಿನದಲ್ಲಿ ಎಲ್ಲ ಮುಗಿಸಿ ಕಳಿಸುವವರು ಕಾಯುತ್ತಿದ್ದರು. ಅವಳು ಮೂಗೊರೆಸಿಕೊಂಡು, ನಾಲ್ಕನೆಯ ದಿನ ಎಷ್ಟು ಗಂಟೆಗೆ ಬರಬೇಕು ಎಂದು ಕೇಳಿದಳು. ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ನಾದಿನಿಯನ್ನು ತೋಳು ಹಿಡಿದು ಮುಂದೆ ತಂದಳು.

"ಇವಳ ಬಲಗಡೆಯದನ್ನೂ ಸ್ವಲ್ಪ ನೋಡಿ."

ಕ್ಯಾಪಿನ ಕೆಳಗೆ ಹಲ್ಲಿನ ಬೇರು ಸೀಳಿತ್ತು. ಕೋರೆಹಲ್ಲಿನ ಹಿಂದಿನದು, ಉಳಿಸುವ ಹಾಗಿರಲಿಲ್ಲ. ಕನ್ನಡಿಗಳ ನಡುವೆಯೇ ಬದುಕುವವಳು ಕೆಲಸಕ್ಕೆ ಬಾಯಲ್ಲಿ ಸಂದು ಇಟ್ಟುಕೊಂಡು ಹೋಗಬೇಕಾಗಿತ್ತು. ಅವಳು ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ಅವಳ ಹೆಗಲ ಮೇಲೆ ಕೈ ಇಟ್ಟಳು. ಅತ್ತಿಗೆಯ ಹಲ್ಲಿನ ಜೊತೆಗೇ ತೆಗೆದುಬಿಡಿ ಎಂದಳು ನಾದಿನಿ.

ಆ ನಾಲ್ಕು ದಿನ ಉಗಿಯಕ್ಕ ಗಡಿಯಾರ ಇಟ್ಟುಕೊಂಡು ಮಾತ್ರೆ ನುಂಗಿದಳು, ಬೆಳಿಗ್ಗೆ ಸಂಜೆ ಉದ್ಯಾನದ ಸುತ್ತ ನಡೆದಳು. ನಾದಿನಿ ಹಿಂದೆಯೇ ಏದುಸಿರು ಬಿಡುತ್ತ ಬಂದಳು. ಗಂಡ ಫೋನು ಮಾಡಿದಾಗ ಉಗಿಯಕ್ಕ, ಹಲ್ಲು ಈಗ ಬರುವುದಿಲ್ಲ, ಆರು ತಿಂಗಳಿಗೆ ಮತ್ತೆ ರಜೆ ಬೇಕು ಎಂದು ಹೇಳಿ ಇಟ್ಟಳು. ನಾಲ್ಕನೆಯ ಬೆಳಿಗ್ಗೆ ಬೆರಳು ಚುಚ್ಚಿದಾಗ ಡಾಕ್ಟರಮ್ಮ ಕನ್ನಡಕದ ಮೇಲಿನಿಂದ ನೋಡಿ ತಲೆಯಾಡಿಸಿದಳು. ಸಾಮಾನಿನ ಪೊಟ್ಟಣಗಳನ್ನು ಉಗಿಯಕ್ಕನ ಕಣ್ಣೆದುರಿಗೇ ಹರಿದು ಬಿಚ್ಚಿದರು.

ಎರಡನೆಯ ಹಲ್ಲು ಬಂದ ಮೇಲೆ ಡಾಕ್ಟರಮ್ಮ ಬಟ್ಟಲು ಹಿಡಿದು, "ಉಗಿಯಕ್ಕ," ಎಂದು ಕರೆದಳು. ಹೆಸರನ್ನು ಅವಳಿಗೆ ನಾದಿನಿ ಹೇಳಿಕೊಟ್ಟಿದ್ದಳು. ಉಗಿಯಕ್ಕ ಬಟ್ಟಲನ್ನೇ ನೋಡಿದಳು: ಕರೆದದ್ದೋ, ಉಗಿಯಲು ಹೇಳಿದ್ದೋ ತಿಳಿಯಲಿಲ್ಲ. ಪಕ್ಕದಲ್ಲಿ ಅರ್ಧ ಮುಖ ಜೋಮು ಹಿಡಿದು ಸರದಿಗೆ ಕಾಯುತ್ತಿದ್ದ ನಾದಿನಿ ಸೊಟ್ಟ ಬಾಯಲ್ಲೇ ಕಿಸಕ್ಕನೆ ನಕ್ಕಳು.

ಮಧ್ಯಾಹ್ನ ಇಬ್ಬರೂ ಮೆಟ್ಟಿಲಿಳಿದು ಬಸ್ ನಿಲ್ದಾಣಕ್ಕೆ ಬಂದರು. ಇಬ್ಬರ ಬಾಯಲ್ಲೂ ಹತ್ತಿ. ಒಂದು ಗಂಟೆ ಕಚ್ಚಿ ಹಿಡಿದಿರಬೇಕು, ಮಾತಾಡಕೂಡದು ಎಂದು ಅಪ್ಪಣೆಯಾಗಿತ್ತು. ಬಿಸಿಲು ಚೆನ್ನಾಗಿತ್ತು. ಬಸ್ಸು ಬಂತು. ಕಂಡಕ್ಟರು ಎಲ್ಲಿಗೆ, ಎಷ್ಟು ಜನ ಎಂದು ತನ್ನ ಭಾಷೆಯಲ್ಲಿ ಕೇಳಿದ. ನಾದಿನಿ ನೇರ ಮುಂದಕ್ಕೆ, ಗಡಿಯ ಕಡೆಗೆ ಕೈ ಚಾಚಿ ತೋರಿಸಿದಳು. ಉಗಿಯಕ್ಕ ಎರಡು ಬೆರಳು ಎತ್ತಿದಳು. ಅವನು ಒಬ್ಬಳ ಎಡಗೆನ್ನೆಯನ್ನೂ ಇನ್ನೊಬ್ಬಳ ಬಲಗೆನ್ನೆಯನ್ನೂ ನೋಡಿ, ಮತ್ತೇನೂ ಕೇಳದೆ ಎರಡು ಟಿಕೆಟ್ ಹರಿದು ಕೊಟ್ಟು, ಮುಂದಿನ ಸೀಟಿನಲ್ಲಿದ್ದವರನ್ನು ಸರಿದು ಕೂರಲು ಹೇಳಿದ.