ಕಡಕ್ ರೊಟ್ಟಿಯ ಗಂಟು

ಬಸ್ಸು ಹೇಳಿದ ಸಮಯಕ್ಕೇ ನಾಸಿಕ್ ರೋಡ್ ಬಿಟ್ಟಿತು. ತುರ್ತು ಪರಿಸ್ಥಿತಿ ಬಂದಾಗಿನಿಂದ ಬಸ್ಸುಗಳು ಹೀಗೇ. ಕಾಶಿಬಾಯಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. ಸಾತಪುರದ ಕಾರ್ಖಾನೆಯಲ್ಲಿ ಮುಷ್ಕರ ಮಾಡಿಸಿದ ತಮ್ಮ ಮನ್ಮಥಪ್ಪ ಪೊಲೀಸರ ಕಣ್ಣು ತಪ್ಪಿಸಿ ಔರಂಗಾಬಾದಿನ ಒಂದು ಕೋಣೆಯಲ್ಲಿ ಅಡಗಿದ್ದ. ಹೊಗೆ ಕಂಡೀತೆಂದು ಒಲೆ ಹಚ್ಚುತ್ತಿರಲಿಲ್ಲ. ಅವನಿಗಾಗಿ ಬಡಿದು ಒಣಗಿಸಿದ ಇಪ್ಪತ್ತು ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ ಅವಳ ಮಡಿಲ ಗಂಟಿನಲ್ಲಿದ್ದವು.

"ಕನ್ನಡದೋರೇನ್ರಿ, ಅಕ್ಕಾರ? ಬಿಡಾಕ ಬಂದ ಮಗಳ ಜೋಡಿ ಮಾತಾಡೂದು ಕೇಳಿದೆ."

ಪಕ್ಕದವನು ಧಾರವಾಡದ ಕಡೆಯ ಮೇಷ್ಟ್ರಂತೆ. ಕೈಯಲ್ಲಿ ನೋಟ್‌ಬುಕ್ಕು. ಊರೂರು ತಿರುಗಿ ದೇಶ ಹೆಂಗ ನಡದೈತಿ ತಿಳಕೊಳ್ಳಾಕತ್ತೀನಿ ಎಂದ.

"ಜ್ವಾಳದ ರೇಟು ಹೆಂಗೈತ್ರಿ?"

"ಸ್ವಸ್ತ ಅದರಿ, ಅಗ್ಗ."

"ರೇಶನ್ ಸಕ್ರಿ?"

"ಭರಪೂರ ಸಿಗ್ತದರಿ."

"ಕಾರ್ಖಾನ್ಯಾಗ ಗಲಾಟಿ?"

"ಏನಿಲ್ರಿ. ಸಗಳ ಠೀಕ ಅದ, ಎಲ್ಲಾ ಚಲೋ."

ಅವನು ಬರೆದುಕೊಂಡ. ಕಾಶಿಬಾಯಿ ಅವನ ಬೂಟು ನೋಡಿದಳು. ಇಷ್ಟು ಹೊಳೆಯುವ ಬೂಟು ಮೇಷ್ಟ್ರಿಗೆ ಎಲ್ಲಿಂದ?

ಯೇವಲಾದಲ್ಲಿ ಬಸ್ಸು ಕುಲುಕಿ ನಿಂತಿತು. ಗಂಟಿನೊಳಗೆ ರೊಟ್ಟಿ ಲಟಕ್ಕೆಂದಿತು. ಅವನು ನಕ್ಕ.

"ಕಡಕ್ ರೊಟ್ಟಿ! ಇಷ್ಟು ಯಾರಿಗ್ರಿ? ಒಲಿ ಇಲ್ಲದ ಮನಿಗೇನು?"

ಕಾಶಿಬಾಯಿ ಗಂಟನ್ನು ಮಡಿಲಿಗೆ ಒತ್ತಿಕೊಂಡಳು. ಮರಾಠಿ ಪೊಲೀಸರು ಹಿಂದೆ ಇಂಥದೇ ಗಂಟನ್ನು ಎರಡು ಸಲ ಬಿಚ್ಚಿ ನೋಡಿ ಸುಮ್ಮನೆ ಬಿಟ್ಟಿದ್ದರು. ವಾರಗಟ್ಟಲೆ ಕೆಡದ ರೊಟ್ಟಿ ಯಾರ ಕೈಗೆ ಹೋಗುತ್ತದೆಂದು ಊಹಿಸಲು ಅದನ್ನೇ ತಿಂದು ಬೆಳೆದವನೇ ಬೇಕು. ಅಂಥವನನ್ನೇ ಹುಡುಕಿ ಕಳಿಸಿದ್ದಾರೆ!

ಔರಂಗಾಬಾದಿನಲ್ಲಿ ಇಳಿದಾಗ ಅವನೂ ಜೊತೆಗೇ ಇಳಿದ. "ಭಾರ ಐತಿ, ಕೊಡ್ರಿ. ಮನಿತನಕ ಮುಟ್ಟಸ್ತೀನಿ."

ತಮ್ಮನಿದ್ದ ಗಲ್ಲಿ ಹತ್ತೇ ನಿಮಿಷದ ದಾರಿ. ಮೊನ್ನೆಯೇ ರೊಟ್ಟಿ ಮುಗಿದಿರುತ್ತದೆ, ಬಾಗಿಲ ಸಂದಿಗೆ ಕಿವಿಗೊಟ್ಟು ಕೂತಿರುತ್ತಾನೆ.

"ಮನಿ ಗಿನಿ ಏನಿಲ್ರಿ, ಅಣ್ಣಾ. ವೇರೂಳದ ಗುಡಿಗೆ ಹರಕಿ ಇತ್ತು, ಮೈಗೆ ಹುಷಾರಿಲ್ಲ, ಮರಳಿ ಹೋಗ್ತೀನಿ. ಇವು ದಾರೀಗಂತ ಕಟ್ಟಿದ್ದು. ನೀವೇ ತಿನ್ರಿ." ಗಂಟನ್ನು ಅವನ ಕೈಗಿಟ್ಟಳು.

ಅವನು ಬೆರಗಾದ. "ಅಕ್ಕಾರ, ಒಂದು ಹೇಳ್ಲಾ? ಮನಮಾಡದಾಗೂ ಸಗಳ ಠೀಕ, ಜಾಲನಾದಾಗೂ ಸಗಳ ಠೀಕ. ಯಾರನ್ನ ಕೇಳಿದ್ರೂ ಇದ ಮಾತು. ಪುಸ್ತಕ ತುಂಬಿತು, ಒಂದಕ್ಷರ ತಿಳೀಲಿಲ್ಲ."

ಅವಳು ನಾಸಿಕದ ಬಸ್ಸು ಹತ್ತಿದಳು.

ಕಿಟಕಿಯಿಂದ ಕಂಡಿತು: ಕಟ್ಟೆಯ ಮೇಲೆ ಕೂತು, ಹಿಂಡಿ ಹಚ್ಚಿ, ಕಣ್ಣು ಮುಚ್ಚಿ ರೊಟ್ಟಿ ಮುರಿಯುತ್ತಿದ್ದ, ಬಹಳ ದಿನಕ್ಕೆ ತವರಿನ ಊಟ ಸಿಕ್ಕವನಂತೆ. ಇಳಿದುಬಿಡಲೇ ಎಂದು ಒಂದು ಗಳಿಗೆ ಕಾಲು ಎದ್ದಿತು.

ಹಿಂಗ ತಿನ್ನೂದನ್ನೂ ಕಲಿಸಿ ಕಳಿಸಿರ್ತಾರ, ಅಂದುಕೊಂಡು ಸೆರಗು ಬಿಗಿದು ಕೂತಳು.