ಎಣಿಸಿ ಬಿಟ್ಟ ಗಾಳಿ

ಮೂರನೆಯ ತಿರುವಿನಲ್ಲಿ ಮುಸರತ ಮತ್ತೆ ಬಿದ್ದಳು. ಈ ಸಲ ಎಡಗೈ ಊರಿದ್ದರಿಂದ ಮೊಣಕೈ ಉಳಿಯಿತು, ಅಂಗೈ ತರಚಿತು. ಸೈಕಲ್ಲು ಎರಡು ಮಾರು ಕೆಳಕ್ಕೆ ಜಾರಿ ಕಾರೆ ಕಂಟಿಗೆ ತಗುಲಿ ನಿಂತಿತು. ಅವಳು ತಕ್ಷಣ ಏಳಲಿಲ್ಲ. ಕುಳಿತಲ್ಲಿಂದಲೇ, ಬಿದ್ದದ್ದು ಯಾಕೆ ಎಂದು ನೆಲವನ್ನು ನೋಡತೊಡಗಿದಳು.

"ಏನವ್ವಾ ಬಾಬಾಲಾಲನ ಮಗಳ, ಅರಣ್ಯ ಖಾತೆಯವರ ಜಮೀನ ಅಳ್ಯಾಕ ಕುಂತೀ ಏನು?"

ಕೆಳಗಿನಿಂದ ಕುರುಬರ ಅಮೋಗಸಿದ್ದ ತನ್ನ ಹಳೆಯ ಸೈಕಲ್ಲಿನ ಮೇಲೆ ಬರುತ್ತಿದ್ದ. ಹ್ಯಾಂಡಲಿಗೆ ಬುತ್ತಿಗಂಟು, ಹೆಗಲಿಗೆ ಕಂಬಳಿ. ಗುಡ್ಡದಾಚೆ ಕುರಿ ಕಾಯುವ ಅಣ್ಣನಿಗೆ ಅವನು ದಿನಾ ಇದೇ ಕಾಲುದಾರಿಯಲ್ಲಿ ರೊಟ್ಟಿ ಒಯ್ಯುತ್ತಿದ್ದ. ಪೆಡಲಿನ ಮೇಲೆ ಎದ್ದು ನಿಂತು, ಏದುಸಿರು ಬಿಡುತ್ತ, ಅವಳು ಬಿದ್ದ ಜಾಗದಲ್ಲೇ ಹಾದು ತಿರುವನ್ನು ಹತ್ತಿಯೇಬಿಟ್ಟ. ಅವನ ಹಿಂದಿನ ಟಾಯರು ಗಾಳಿಯಿಲ್ಲದೆ ನೆಲಕ್ಕೆ ಚಪ್ಪಟೆಯಾಗಿ ಒತ್ತಿಕೊಂಡಿತ್ತು.

"ಗಾಳಿ ಹಾಕಿಸ್ಕೋ ಮಾವಾ, ಟಾಯರ್ ಸತ್ತಾವು!"

"ಹಾಕಿಸ್ಬೇಕವ್ವಾ. ನಿಮ್ಮಪ್ಪ ಬೈತಾನಂತ ಅಂಗಡಿ ಮುಂದ ಹಾಯೂದ ಬಿಟ್ಟೀನಿ," ಎಂದು ಕೂಗಿ ಅವನು ಮರೆಯಾದ.

ಮುಸರತ ಎದ್ದು ಹೋಗಿ ಎರಡೂ ಗುರುತುಗಳ ನಡುವೆ ಕುಕ್ಕರುಗಾಲಿನಲ್ಲಿ ಕುಳಿತಳು. ಅವಳ ಗಾಲಿಯ ಗುರುತು ಬೆರಳಿನಷ್ಟು ಸಪೂರ, ಅದರ ಎರಡೂ ಮಗ್ಗುಲಿಗೆ ಹರಳುಗಳು ಸಿಡಿದು ಬಿದ್ದಿದ್ದವು. ಅಮೋಗಸಿದ್ದನದು ಮೂರು ಬೆರಳಿನಷ್ಟು ಅಗಲ, ಅದರ ಹರಳುಗಳು ಸಿಡಿಯದೆ ಮಣ್ಣಿನೊಳಗೆ ಹುಗಿದುಕೊಂಡಿದ್ದವು. ಅವಳು ಬಹಳ ಹೊತ್ತು ಅಲ್ಲೇ ಕುಳಿತಿದ್ದಳು. ಆಮೇಲೆ ತನ್ನ ಸೈಕಲ್ಲಿನ ಟಾಯರನ್ನು ಒತ್ತಿ ನೋಡಿದಳು. ಅದು ಕಲ್ಲಾಗಿತ್ತು. ಅದು ಅವಳ ಅಬ್ಬಾ ಹಾಕಿದ ಗಾಳಿ.

ಬಾಬಾಲಾಲನ ಗಾಳಿ ಎಂದರೆ ಸೋನ್ಯಾಳದಿಂದ ಉಟಗಿಯವರೆಗೆ ಹೆಸರು. ಎಸ್.ಟಿ. ಬಸ್ ಸ್ಟ್ಯಾಂಡಿನ ಎದುರಿನ ಅವನ ಅಂಗಡಿಯಲ್ಲಿ ಗಾಳಿ ಅಳೆಯುವ ಯಂತ್ರವಿರಲಿಲ್ಲ, ಅವನ ಹೆಬ್ಬೆರಳಿತ್ತು. ಒತ್ತಿದರೆ ಹೆಬ್ಬೆರಳು ಹಿಂದಕ್ಕೆ ಬಾಗಬೇಕು, ಟಾಯರು ಬಾಗಬಾರದು. ಎರಡು ಚೀಲ ಜೋಳ ಹೇರಿಕೊಂಡು ಬರುವವರಿಗೆ, ಹಾಲಿನ ಕ್ಯಾನು ಕಟ್ಟುವವರಿಗೆ ಅಂಥ ಗಾಳಿಯೇ ಬೇಕು. ಮೆತ್ತಗಿನ ಟಾಯರಿನ ಸೈಕಲ್ಲು ಅಂಗಡಿಯ ಮುಂದೆ ಹಾದರೆ, ಗಿರಾಕಿ ಯಾರೇ ಇರಲಿ, ಅವನು ಕೂಗಿ ನಿಲ್ಲಿಸುತ್ತಿದ್ದ: "ಸೈಕಲ್ ಓಡಿಸ್ತೀಯೋ, ಸತ್ತ ಹಾವು ಎಳದಾಡ್ತೀಯೋ?"

ಗುಡ್ಡದ ಹಿಂಬದಿಗೆ ಹಿಂದಿನ ಬೇಸಿಗೆ ವಣವಾ ಬಿದ್ದಿತ್ತು. ಒಣ ಹುಲ್ಲಿಗೆ ಹತ್ತಿ ಗುಡ್ಡ ನುಂಗುವ ಬೆಂಕಿಗೆ ಈ ಗಡಿ ಸೀಮೆಯಲ್ಲಿ ಮರಾಠಿಯ ಆ ಹೆಸರೇ ರೂಢಿ. ಮುಸರತ ನರ್ಸರಿಯ ಕೂಲಿಗೆ ಹೋಗಿ ಎರಡು ಮಳೆಗಾಲ ಕೈಯಾರೆ ನೆಟ್ಟಿದ್ದ ಬೇವು, ಕಮರದ ಸಸಿಗಳು ಅಲ್ಲಿದ್ದವು. ಹೊಗೆಯನ್ನು ಮೊದಲು ಕಂಡವಳೂ ಅವಳೇ. ಗುಡ್ಡದ ಈಚೆಗಿನ ನರ್ಸರಿ ಗೇಟಿನಿಂದ ಓಡಿ ಆಚೆಯ ಕೆರೆಯ ದಂಡೆ ಮುಟ್ಟುವಾಗ ಅರ್ಧ ಗಂಟೆ ದಾಟಿತ್ತು. ಸಸಿಗಳು ಸಾಲು ತಪ್ಪದೆ, ನಿಂತಲ್ಲೇ ಕಪ್ಪು ಕಡ್ಡಿಗಳಾಗಿದ್ದವು.

ಈ ವರ್ಷ, ಎರಡು ಸಾವಿರದ ಮೂರರ ಬೇಸಿಗೆಗೆ, ಖಾತೆಯವರು ನಾಲ್ಕು ತಿಂಗಳ ಮಟ್ಟಿಗೆ ಒಬ್ಬರನ್ನು ಬೆಂಕಿ ಕಾವಲಿಗೆ ತೆಗೆದುಕೊಳ್ಳುವವರಿದ್ದರು. ಮುಸರತ ಅರ್ಜಿ ಹಿಡಿದು ಹೋದಾಗ ಗಾರ್ಡ್ ಭೀಮರಾಯ ನಗಲಿಲ್ಲ, ತಡೆಯಲೂ ಇಲ್ಲ. "ಹೊಗಿ ಏನ ಗಂಡಾ ಹೆಣ್ಣಾ ಅಂತ ಕೇಳಂಗಿಲ್ಲ ತಂಗಿ," ಎಂದ. "ಗೇಟಿನಿಂದ ಕೆರೀತನಾ ಇಪ್ಪತ್ತ ಮಿನಿಟಿನ್ಯಾಗ ಯಾರ ಮುಟ್ಟತಾರ, ಕೆಲಸ ಅವರದು. ಹೆಂಗ ಬೇಕಾದ್ರೂ ಬರ್ರಿ." ಅರ್ಜಿ ಹಾಕಿದ್ದ ಇನ್ನೊಬ್ಬ, ಈಶ್ವರನೆಂಬವನು, ಮೋಟಾರ್ ಸೈಕಲ್ಲಿನ ಮೇಲೆ ಗುಡ್ಡ ಸುತ್ತಿ ಹೋಗಿ ಇಪ್ಪತ್ನಾಲ್ಕು ಮಿನಿಟು ತೆಗೆದುಕೊಂಡ. ಗುಡ್ಡದ ಮೇಲಿನ ಕಾಲುದಾರಿ ನಾಲ್ಕೇ ಕಿಲೋಮೀಟರು, ಆದರೆ ಮೋಟಾರ್ ಸೈಕಲ್ಲಿಗೆ ಅದು ಇಕ್ಕಟ್ಟು. ಉಳಿದದ್ದು ಮುಸರತಳ ಸೈಕಲ್ಲು. ಜತ್ತಿನಲ್ಲಿ ಯಾರೋ ಮಾರಿದ್ದು, ದಪ್ಪ ಟಾಯರಿನದು, ಐದು ಗೇರುಗಳಲ್ಲಿ ಮೂರು ಇನ್ನೂ ಕೆಲಸ ಮಾಡುತ್ತಿದ್ದವು.

ಅಮೋಗಸಿದ್ದನ ಗುರುತು ನೋಡಿದ ಮರುದಿನದಿಂದ ಅವಳು ಪ್ರಯೋಗ ಶುರುಮಾಡಿದಳು. ಗುಡ್ಡದ ಬುಡದಲ್ಲಿ ವಾಲ್ವಿನ ನಟ್ಟು ಅರ್ಧ ಸುತ್ತು ಸಡಿಲಿಸುವುದು, ಎಣಿಸುವುದು, ಬಿಗಿಯುವುದು, ಹತ್ತುವುದು. ಎಂಟು ಎಣಿಸಿದರೆ ಗಾಲಿ ಇನ್ನೂ ಜಾರುತ್ತಿತ್ತು. ಇಪ್ಪತ್ತಕ್ಕೆ ಇಳಿಜಾರಿನಲ್ಲಿ ರಿಮ್ಮು ಕಲ್ಲಿಗೆ ಬಡಿದು ಟ್ಯೂಬು ಹರಿಯಿತು. ಮುಂದಿನದಕ್ಕೆ ಹದಿನಾಲ್ಕು, ಹಿಂದಿನದಕ್ಕೆ ಹತ್ತು. ಅಲ್ಲಿಗೆ ಗುಡ್ಡ ಒಪ್ಪಿಕೊಂಡಿತು. ಒಂಬತ್ತು ದಿನ ಅದೇ ಎಣಿಕೆ, ಒಂದು ಸಲವೂ ಬೀಳಲಿಲ್ಲ. ಅತಿ ಬೇಗ ಮುಟ್ಟಿದ್ದು ಹತ್ತೊಂಬತ್ತು ಮಿನಿಟು ನಲವತ್ತು ಸೆಕೆಂಡಿಗೆ.

ತೊಂದರೆಯಿದ್ದದ್ದು ಮನೆಯಲ್ಲಿ. ಬೆಳಿಗ್ಗೆ ಕಲ್ಲಿನಂತೆ ಹೋದ ಟಾಯರು ಸಂಜೆ ಮೆತ್ತಗಾಗಿ ಬರುವುದು ಬಾಬಾಲಾಲನಿಗೆ ತಿಳಿಯದೆ ಇರುತ್ತದೆಯೇ? ಅವನು ಟ್ಯೂಬು ಬಿಚ್ಚಿ ನೀರಿನ ಬೋಗುಣಿಯಲ್ಲಿ ಅದ್ದಿ, ಕನ್ನಡಕ ಏರಿಸಿ, ಗುಳ್ಳೆಗಾಗಿ ಕಾಯುತ್ತಿದ್ದ. ಒಂದು ಗುಳ್ಳೆಯೂ ಏಳುತ್ತಿರಲಿಲ್ಲ. "ಮೂವತ್ತ ವರ್ಷದಾಗ ಹಿಂಗ ಆಗಿಲ್ಲ. ಎಲ್ಲಿಗೆ ಹೊಕ್ಕೈತಿ ಈ ಗಾಳಿ?" ಎಂದು ವಾಲ್ವಿನ ರಬ್ಬರು ಬದಲಿಸುತ್ತಿದ್ದ. ಮೂರು ಸಲ ಬದಲಿಸಿದ. ಮುಸರತ ಒಳಗೆ ಇನ್ನಷ್ಟು ಜೋರಾಗಿ ರೊಟ್ಟಿ ಬಡಿಯುತ್ತಿದ್ದಳು.

ಪರೀಕ್ಷೆಯ ದಿನ ಗೇಟಿನ ಬಳಿ ಹತ್ತಿಪ್ಪತ್ತು ಜನ ಕೂಡಿದ್ದರು. ಭೀಮರಾಯ ನಸುಕಿನಲ್ಲೇ ಕೆರೆಯ ದಂಡೆಗೆ ಹೋಗಿ ಕುಳಿತಿದ್ದ. ಇತ್ತ ಖಾತೆಯ ಕಾರಕೂನ ತನ್ನ ಕೈಗಡಿಯಾರವನ್ನು ಭೀಮರಾಯನದಕ್ಕೆ ಮೊದಲೇ ಹೊಂದಿಸಿಕೊಂಡು ನಿಂತಿದ್ದ. ಆರೂವರೆಗೆ ಸರಿಯಾಗಿ ಬಿಡಬೇಕು. ಅಷ್ಟರಲ್ಲಿ ಬಾಬಾಲಾಲ ಪಂಪು ಹೆಗಲಿಗೇರಿಸಿ ನಡೆದೇ ಬಂದ. ಯಾರನ್ನೂ ಮಾತಾಡಿಸದೆ ಮಗಳ ಸೈಕಲ್ಲಿಗೆ ಪಂಪು ಹಚ್ಚಿದ. ಎರಡೂ ಗಾಲಿಗೆ ಹೊಡೆದು, ಹೆಬ್ಬೆರಳು ಒತ್ತಿ, ಬಿಸ್ಮಿಲ್ಲಾ ಅಂದು ಹಿಂದೆ ಸರಿದ.

"ಕಬ್ಬಿಣ ಆಗೇತಿ ನೋಡು. ಇವತ್ತೇನ ಇಳೀತೈತಿ, ನಾನೂ ನೋಡ್ತೀನಿ."

ಮುಸರತ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೊದಲ ತಿರುವಿನ ಮರೆಗೆ ಹೋಗಿ ನಿಂತು ಗಾಳಿ ಬಿಟ್ಟರೆ ಇಳಿದು ಏರುವುದು ಸೇರಿ ಅರ್ಧ ಮಿನಿಟು ಹೋಗುತ್ತದೆ. ಅವಳ ಕೈಯಲ್ಲಿ ಉಳಿತಾಯವಿದ್ದದ್ದು ಇಪ್ಪತ್ತು ಸೆಕೆಂಡು. ಕಾರಕೂನ ಹೇಳಿದ, "ಇನ್ನ ಎರಡ ಮಿನಿಟ್ ಐತಿ."

ಅವಳು ಸೈಕಲ್ಲನ್ನು ಗೇಟಿಗೆ ಒರಗಿಸಿ ಮುಂದಿನ ಗಾಲಿಯ ಬಳಿ ಕುಳಿತಳು. ನಟ್ಟು ಸಡಿಲಿಸಿದಳು. ಗಾಳಿ ಬುಸ್ಸೆಂದಿತು.

"ಅರೇ! ಕ್ಯಾ ಕರ್ರೀ ಗೇ ತೂ? ಏನ ಮಾಡಾಕತ್ತೀ?" ಬಾಬಾಲಾಲ ಎರಡು ಹೆಜ್ಜೆ ಮುಂದೆ ಬಂದ.

"ಒಂದು, ಎರಡು, ಮೂರು..." ಅವಳು ತಲೆ ಎತ್ತಲಿಲ್ಲ. ಎಣಿಕೆ ತಪ್ಪಬಾರದಿತ್ತು.

"ನೋಡ್ರಪಾ," ಈಶ್ವರ ಮೋಟಾರ್ ಸೈಕಲ್ಲಿಗೆ ಒರಗಿಕೊಂಡೇ ಅಂದ, "ಮೂವತ್ತ ವರ್ಷದಾಗ ಬಾಬಾಲಾಲನ ಗಾಳಿ ತಗದವರು ಯಾರೂ ಇರಲಿಲ್ಲ. ಮನಿ ಮಗಳ ಬೇಕಾತು!" ಜನ ನಕ್ಕರು.

ಹದಿನಾಲ್ಕಕ್ಕೆ ಬಿಗಿದಳು. ಹಿಂದಿನ ಗಾಲಿಗೆ ಹತ್ತು. ಎದ್ದಾಗ ತಂದೆಯ ಮುಖ ಕಂಡಿತು. ಅದರಲ್ಲಿ ಸಿಟ್ಟಿರಲಿಲ್ಲ. ಬೋಗುಣಿಯ ಮುಂದೆ ಗುಳ್ಳೆ ಕಾಯುತ್ತ ಕುಳಿತ ಅಷ್ಟೂ ಸಂಜೆಗಳ ಅರ್ಥ ಅವನಿಗೆ ಈಗ ಹೊಳೆಯುತ್ತಿತ್ತು.

"ಅಬ್ಬಾ, ಬಂದ ಮ್ಯಾಲ ಹೇಳ್ತೀನಿ," ಎಂದಳು. ಕಾರಕೂನ ಕೈ ಇಳಿಸಿದ.

ಮೊದಲ ಎರಡು ತಿರುವುಗಳನ್ನು ಅವಳು ಕೂತೇ ಹತ್ತಿದಳು, ಉಸಿರು ಕಾಯ್ದುಕೊಂಡು. ಮೂರನೆಯದರಲ್ಲಿ ಮೈಯನ್ನು ಮುಂದೆ ಬಾಗಿಸಿ, ಭಾರವನ್ನು ಹಿಂದಿನ ಗಾಲಿಯ ಮೇಲೆಯೇ ಬಿಟ್ಟಳು. ಟಾಯರು ಹರಳುಗಳನ್ನು ಅಂಗೈಯಂತೆ ಹಿಡಿದು ಒತ್ತುತ್ತ ಏರಿತು. ಗುಡ್ಡದ ನೆತ್ತಿಯಲ್ಲಿ ಗಾಳಿ ಎದೆಗೆ ಬಡಿಯಿತು, ಎಡಕ್ಕೆ ಬೆಂಕಿ ದಾಟದಂತೆ ಹುಲ್ಲು ಬೋಳಿಸಿದ ಜಾಳರೇಷೆ ಗುಡ್ಡದ ಬೈತಲೆಯಂತೆ ಕಂಡಿತು. ಇಳಿಜಾರಿನಲ್ಲಿ ಬ್ರೇಕನ್ನು ಎರಡೇ ಬೆರಳಿಂದ ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಬಂಡೆಗಳ ನಡುವೆ ಅವಳು ನೀರು ಇಳಿಯುವಂತೆ ಇಳಿದಳು. ಒಂದು ಕಡೆ ಮೊಲವೊಂದು ಅಡ್ಡ ಬಂದಾಗ ಮಾತ್ರ ಹಿಂದಿನ ಗಾಲಿ ಪಕ್ಕಕ್ಕೆ ಜಾರಿತು. ಅವಳು ಹ್ಯಾಂಡಲು ಸಡಿಲಬಿಟ್ಟಳು, ಸೈಕಲ್ಲು ತಾನೇ ನೆಟ್ಟಗಾಯಿತು.

ಕೆರೆಯ ದಂಡೆಯಲ್ಲಿ ಭೀಮರಾಯ ಕೈಗಡಿಯಾರ ನೋಡಿ, ಕಿವಿಗಿಟ್ಟು, ಮತ್ತೆ ನೋಡಿದ. "ಹತ್ತೊಂಬತ್ತಕ್ಕ ಇನ್ನಾ ಐದ ಸೆಕೆಂಡ್ ಕಮ್ಮಿ," ಎಂದ. "ನಾಳಿ ಮುಂಜಾನಿ ಆರಕ್ಕ ಬಾ. ಸೀಟಿ, ದುರ್ಬೀನು ಕೊಡ್ತೀನಿ. ದುರ್ಬೀನಿಗೆ ಒಂದ ಕಣ್ಣ ಇಲ್ಲ, ನಡೀತೈತಿ." ಅವಳು ಹೂಂ ಎನ್ನಲೂ ಉಸಿರಿಲ್ಲದೆ ತಲೆಯಾಡಿಸಿ, ಕೆರೆಗೆ ಇಳಿದು ಮುಖ ತೊಳೆದುಕೊಂಡಳು.

ಮರಳಿ ಬರುವಾಗ ಗುಡ್ಡದ ನೆತ್ತಿಯಲ್ಲಿ, ಬೇವಿನ ನೆರಳಿಗೆ, ಬಾಬಾಲಾಲ ಕುಳಿತಿದ್ದ. ಮೊಣಕಾಲು ನೋವಿನವನು ಇಷ್ಟು ದೂರ ಹತ್ತಿ ಬಂದಿದ್ದ. ಮುಸರತ ಸೈಕಲ್ಲು ಇಳಿದು ಎದುರಿಗೆ ನಿಂತಳು.

"ಆತೇನು?"

"ಆತ್ರಿ ಅಬ್ಬಾ."

ಅವನು ಮುಂದಿನ ಟಾಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. "ಮೂರ ಸಲ ವಾಲ್ ರಬ್ಬರ್ ಬದಲಿ ಮಾಡಿದ್ನಿ. ಮೂರ ಸಲ! ಒಂದ ಮಾತ ಹೇಳಬಾರದಾ?"

"ಹೇಳಿದ್ರ ನೀವು ಗಾಳಿ ತಗ್ಯಾಕ ಬಿಡ್ತಿದ್ರೇನು?"

"ಇಲ್ಲ," ಎಂದು ಅವನು ಒಪ್ಪಿಕೊಂಡ. "ಮುಂದಿಂದಕ್ಕ ಎಷ್ಟ ಎಣಸ್ತಿ?"

"ಹದಿನಾಕು. ಹಿಂದಿಂದಕ್ಕ ಹತ್ತು. ದಿನಾ ಅಷ್ಟ. ನಿಮ್ಮ ಗಾಳಿ ದಿನಾ ಒಂದ ಅಳತಿ ಇರ್ತಿತ್ತು ಅಬ್ಬಾ, ಅದಕ್ಕ ನನ್ನ ಎಣಿಕಿ ನಡೀತು. ಬ್ಯಾರೇದವರು ಹಾಕಿದ್ರ ನಡೀತಿದ್ದಿಲ್ಲ."

ಬಾಬಾಲಾಲ ಆ ಮಾತನ್ನು ಒಳಗೆ ತೂಗಿ ನೋಡಿದಂತಿತ್ತು. "ಜ್ವಾಳದ ಚೀಲಾ ಹೇರಿದಾಗ ಮಾತ್ರ ಹಿಂಗ ಮಾಡಬ್ಯಾಡ," ಎಂದು ನೆಲಕ್ಕೆ ಕೈಯೂರಿ ಎದ್ದ.

ಇಬ್ಬರೂ ನಡೆದೇ ಇಳಿಯತೊಡಗಿದರು, ನಡುವೆ ಸೈಕಲ್ಲು. ಅದರ ಹಿಂದಿನ ಗಾಲಿ ಟಿಕ್ ಟಿಕ್ ಎನ್ನುತ್ತ ಬರುತ್ತಿತ್ತು. ದಾರಿಯ ಅಂಚಿನಲ್ಲಿ, ಹುಲ್ಲಿನ ಬುಡದಲ್ಲಿ, ಕೌಜುಗವೊಂದು ಕಾವಿಗೆ ಕುಳಿತಿತ್ತು. ಅದು ಕತ್ತು ಮಾತ್ರ ಎತ್ತಿ, ಕಣ್ಣು ಮಿಟುಕಿಸದೆ ಅವರನ್ನು ನೋಡಿತು. ಬಾಬಾಲಾಲ ಒಂದು ಕೈಯಿಂದ ಸೀಟು ಹಿಡಿದು ಸೈಕಲ್ಲಿನ ಹಿಂಬದಿಯನ್ನು ನೆಲ ಬಿಟ್ಟು ಎತ್ತಿದ, ಇನ್ನೊಂದು ಕೈಯಿಂದ ಗಾಲಿಯನ್ನು ತಡೆದು ಹಿಡಿದ. ಸದ್ದು ನಿಂತಿತು. ತಂದೆ ಮಗಳು ತುದಿಗಾಲಿನಲ್ಲಿ ಅದನ್ನು ದಾಟಿ ಹೋದರು.