ಭದ್ರಕ್ಕೆ ಕಟ್ಟಿದ್ದು

ಹೊಸಕೋಟೆ ಕಡೆಯ ಆ ಕೆರೆಯಲ್ಲಿ ದೋಣಿ ಕಲಿಸುವವರಿಗೇ ಪಾಠ ನಡೆದಿತ್ತು. ಕೈಕಾಲು ಸ್ವಾಧೀನವಿಲ್ಲದವರನ್ನೂ ಕಯಾಕಿನಲ್ಲಿ ಕೂರಿಸಿ ಹುಟ್ಟು ಹಾಕಿಸುವುದು ಹೇಗೆಂದು ದೇವೇಂದ್ರ ಸಾರ್ ವಾರವಿಡೀ ಹೇಳಿಕೊಟ್ಟಿದ್ದರು. ಇವತ್ತು ಪರೀಕ್ಷೆ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ಅಕ್ಷತ ಪಾಸಾದರೆ ದೋಣಿ ತೊಳೆಯುವುದು ತಪ್ಪಿ, ಕಲಿಸುವ ಕೆಲಸ ಸಿಗುವುದಿತ್ತು.

ಅವಳ ಪಾಲಿಗೆ ಬಂದವರು ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುವ ಜ್ಯೋತಿಲಕ್ಷ್ಮಿ. ಸೊಂಟದ ಕೆಳಗೆ ಬಲವಿಲ್ಲ. ಕೂರಿಸಿದರೆ ಎಡಕ್ಕೆ ವಾಲುತ್ತಿದ್ದರು. ವಾಲುವ ಕಡೆ ಸ್ಪಂಜು ತುರುಕಬೇಕು, ಯಾರನ್ನೂ ದೋಣಿಗೆ ಕಟ್ಟಬಾರದು ಎಂದು ಸಾರ್ ಹೇಳಿದ್ದರು. ಸ್ಪಂಜಿನ ಚೀಲ ದಡದಲ್ಲಿ ಗಂಡಸರ ಗುಂಪಿನ ನಡುವೆ ಇತ್ತು. ಹೋಗಿ ಕೇಳಲು ಅಕ್ಷತಳಿಗೆ ಬಾಯಿ ಬರಲಿಲ್ಲ.

ಸ್ಕೂಟರಿನಲ್ಲಿ ತೂಕಡಿಸುವ ಮಗುವನ್ನು ತಾಯಂದಿರು ಸೊಂಟಕ್ಕೆ ಬಿಗಿದುಕೊಳ್ಳುವುದಿಲ್ಲವೇ? ಹಾಗೇ ತನ್ನ ವೇಲು ತೆಗೆದು ಅವರನ್ನು ಸೀಟಿನ ಕಂಬಿಗೆ ಕಟ್ಟಿದಳು. ಗಂಟು ಕಾಣದಂತೆ ಲೈಫ್ ಜಾಕೆಟ್ ಕೆಳಗೆಳೆದಳು.

"ಏನಮ್ಮಾ, ಉಡದಾರ ಕಟ್ತಿದ್ದೀಯಾ ನಂಗೆ?" ಜ್ಯೋತಿಲಕ್ಷ್ಮಿ ನಕ್ಕರು.

"ಸುಮ್ನೆ ಭದ್ರಕ್ಕೆ ಅಕ್ಕ."

ಬೇಕೆಂದೇ ದೋಣಿ ಮಗುಚಿ ನೋಡುವುದೂ ಪರೀಕ್ಷೆಯಲ್ಲಿತ್ತು. ಎದೆಮಟ್ಟದ ನೀರಿನಲ್ಲಿ ಅಕ್ಷತಳ ಪಕ್ಕ ನಿಂತು ಸಾರ್ ದೋಣಿ ಹಿಡಿದರು. "ಈಗ ಮಗುಚ್ತೀನಮ್ಮ, ಉಸಿರು ಹಿಡ್ಕೊಳ್ಳಿ."

ಹೇಳಿಬಿಡಲು ಅದೊಂದೇ ಗಳಿಗೆ ಇತ್ತು. ಅಕ್ಷತ ತುಟಿ ತೆರೆದಳು. ದಡದಲ್ಲಿ ಎಲ್ಲರೂ ನೋಡುತ್ತಿದ್ದರು. ದೋಣಿ ಮಗುಚಿತು.

ಮಗುಚಿದರೆ ಕೂತವರು ತಾವೇ ಜಾರಿ ಮೇಲೆ ತೇಲಬೇಕು. ಜ್ಯೋತಿಲಕ್ಷ್ಮಿ ತೇಲಲಿಲ್ಲ. ಒಂದು ಕೈ ಮಾತ್ರ ಹೊರಬಂದು ದೋಣಿಯನ್ನು ಬಡಿಯಿತು. ಸಾರ್ ದೋಣಿಯನ್ನೇ ಹೊರಳಿಸಿ ಎತ್ತಿದಾಗ, ಅವರು ಕೆಮ್ಮುತ್ತ, ಮೂಗಿನಲ್ಲಿ ನೀರು ಸುರಿಸುತ್ತ ಕಟ್ಟಿದಲ್ಲೇ ಕೂತಿದ್ದರು.

"ಯಾರು ಕಟ್ಟಿದ್ದು?"

ಉತ್ತರವೇ ಬೇಕಿರಲಿಲ್ಲ. ವೇಲಿಲ್ಲದೆ ನಿಂತವಳು ಅವಳೊಬ್ಬಳೇ.

"ಹೇಳಿದ್ನೋ ಇಲ್ವೋ ನಾನು?"

"ಹೇಳಿದ್ರಿ ಸಾರ್."

"ಬಯ್ಬೇಡಿ ಬಿಡಿ ಸಾರ್," ಎಂದರು ಜ್ಯೋತಿಲಕ್ಷ್ಮಿ. ಉಸಿರು ಹದಕ್ಕೆ ಬಂದ ಮೇಲೆ ಅಕ್ಷತಳ ಕಡೆ ತಿರುಗಿದರು. "ನನ್ನನ್ನಾದ್ರೂ ಒಂದು ಮಾತು ಕೇಳ್ಬಾರ್ದಾ? ಹೋಗಿರೋದು ಕಾಲು ಕಣಮ್ಮ, ಬಾಯಲ್ಲ. ನಿಂಗೆ ಗೊತ್ತಿರುತ್ತೆ ಅಂತ ನಂಬ್ಕೊಂಡು ಕೂತಿದ್ದೆ."

ಅವರು ಬಯ್ದಿದ್ದರೆ ವಾಸಿಯಿತ್ತು. ಅಕ್ಷತಳ ಕಿವಿ ಕಾದುಹೋಯಿತು. ಒದ್ದೆ ಬಟ್ಟೆಯಲ್ಲೇ ದಡಕ್ಕೆ ಹೋಗಿ, ಗಂಡಸರ ನಡುವೆ ನುಗ್ಗಿ, "ಸ್ಪಂಜು ಕೊಡಿ" ಎಂದಳು. ಒಬ್ಬ ಚೀಲವನ್ನೇ ಎತ್ತಿ ಕೊಟ್ಟ. ಇಷ್ಟೇ ಇತ್ತು ಕೇಳುವುದು.

"ಎಲ್ಲಿ ಇಡಲಿ ಅಕ್ಕ?"

"ಎಡಗಡೆ. ಇನ್ನೂ ಕೆಳಕ್ಕೆ. ಹ್ಞಾಂ, ಸಾಕು."

ಜ್ಯೋತಿಲಕ್ಷ್ಮಿ ನೆಟ್ಟಗೆ ಕೂತು ಹುಟ್ಟು ಕೈಗೆತ್ತಿಕೊಂಡರು. ಪಕ್ಕದ ದೋಣಿಯಲ್ಲಿ, ಅಕ್ಷತಳಂತೆಯೇ ಕಲಿಸುವ ತರಬೇತಿಗೆ ಬಂದಿದ್ದ ನವೀನ್‌ಕುಮಾರ್ ಇದ್ದ.

"ಸಾರ್, ಇನ್ನೊಂದ್ಸಲ ಮಗುಚ್ಬೇಕಲ್ವಾ? ಆ ಹುಡುಗ ಬರ್ಲಿ ನನ್ ಜೊತೆ," ಎಂದು ಜ್ಯೋತಿಲಕ್ಷ್ಮಿ ಅವನನ್ನು ತೋರಿಸಿದರು.

ಸಾರ್ ಅಕ್ಷತಳನ್ನು ನೋಡಿದರು. ಅವಳು ತಲೆ ತಗ್ಗಿಸಿ, ಎರಡೂ ಕೈಯಿಂದ ದೋಣಿಯನ್ನು ಮೆಲ್ಲನೆ ಅವನ ಕಡೆಗೆ ತಳ್ಳಿದಳು.